ಗಣಿ ಕೋಲಾರದಲ್ಲಿ, ಕಂಪನಿ ಲಂಡನ್ನಿನಲ್ಲಿ

ನ್ಯೂಯಾರ್ಕಿನ ಸಿಂಗರ್ ಕಂಪನಿಯು 1855ರಲ್ಲಿ ತನ್ನ ಹೊಲಿಗೆ ಯಂತ್ರದ ಫ್ರೆಂಚ್ ಪೇಟೆಂಟನ್ನು ಶಾರ್ಲ್ ಕಾಲೆಬೊ ಎಂಬ ವರ್ತಕನಿಗೆ ಮಾರಿತು. ಒಂದಿಷ್ಟು ಹಣ ಮೊದಲಿಗೆ, ಉಳಿದದ್ದು ಮಾರಾಟವಾದ ಯಂತ್ರಗಳ ಲೆಕ್ಕಕ್ಕೆ ತಕ್ಕಂತೆ ಎಂಬುದು ಒಪ್ಪಂದ. ಆದರೆ ಕಾಲೆಬೊ ಬಾಕಿ ತೀರಿಸಲು ತಕರಾರು ತೆಗೆದ. ಎಷ್ಟು ಯಂತ್ರ ಮಾರಿದೆನೆಂಬ ಲೆಕ್ಕವನ್ನೂ ಸರಿಯಾಗಿ ಒಪ್ಪಿಸಲಿಲ್ಲ. ಸಾಗರದ ಆಚೆ ದಡದ ಅಂಗಡಿಯ ಲೆಕ್ಕದ ಪುಸ್ತಕವನ್ನು ಈಚೆ ದಡದಲ್ಲಿ ಕುಳಿತು ತೆರೆದು ನೋಡುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ಈ ಕಹಿ ಅನುಭವದ ನಂತರ ಸಿಂಗರ್ ಪೇಟೆಂಟ್ ಮಾರುವ ದಾರಿಯನ್ನು ಕೈಬಿಟ್ಟು, ಯುರೋಪಿನಲ್ಲಿ ತನ್ನದೇ ಸಂಬಳದ ಮಾರಾಟಗಾರರನ್ನು ನೇಮಿಸಿತು, ಅವರ ಮೇಲೆ ನಿಗಾ ಇಡಲು ಕಚೇರಿಗಳನ್ನು ತೆರೆಯಿತು; 1867ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಿಕೆಯನ್ನೂ ಆರಂಭಿಸಿತು. ಅಮೆರಿಕದ ಮೊದಲ ಯಶಸ್ವಿ ಬಹುರಾಷ್ಟ್ರೀಯ ಕಂಪನಿ ಹುಟ್ಟಿದ್ದು ಹೀಗೆ: ಜಗತ್ತನ್ನು ಗೆಲ್ಲುವ ಯೋಜನೆಯಿಂದಲ್ಲ, ಬಾರದ ಬಾಕಿಯಿಂದ.

ಇಂಥ ಸಂಗತಿಗಳನ್ನು ಹಳೆಯ ಕಾಗದಪತ್ರಗಳಿಂದ ಹೆಕ್ಕಿ, ಅವುಗಳಿಂದ ಒಂದು ಅಧ್ಯಯನ ಕ್ಷೇತ್ರವನ್ನೇ ಕಟ್ಟಿದವರಲ್ಲಿ ಅಮೆರಿಕದ ಇತಿಹಾಸಕಾರ್ತಿ ಮಿರಾ ವಿಲ್ಕಿನ್ಸ್ ಪ್ರಮುಖರು. ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಮಯಾಮಿಯ ಫ್ಲೋರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿದ ಅವರು, ಫ್ರಾಂಕ್ ಅರ್ನೆಸ್ಟ್ ಹಿಲ್ ಅವರೊಂದಿಗೆ 1964ರಲ್ಲಿ ಫೋರ್ಡ್ ಕಂಪನಿಯ ವಿದೇಶಿ ವ್ಯವಹಾರದ ಚರಿತ್ರೆಯನ್ನೂ, 1970 ಮತ್ತು 1974ರಲ್ಲಿ ಅಮೆರಿಕದ ಬಹುರಾಷ್ಟ್ರೀಯ ಕಂಪನಿಗಳ ಒಟ್ಟು ಚರಿತ್ರೆಯ ಎರಡು ಸಂಪುಟಗಳನ್ನೂ ಪ್ರಕಟಿಸಿದರು. ‘ಬಹುರಾಷ್ಟ್ರೀಯ’ ಎಂಬ ವಿಶೇಷಣವೇ ಕಂಪನಿಗಳಿಗೆ ಅಂಟಿಕೊಂಡದ್ದು 1960ರ ಸುಮಾರಿಗೆ. ಹೆಸರು ಹೊಸದಾದ್ದರಿಂದ ವಸ್ತುವೂ ಹೊಸದೆಂದು ಅರ್ಥಶಾಸ್ತ್ರಜ್ಞರು ಭಾವಿಸಿದ್ದ ಹೊತ್ತಿನಲ್ಲಿ, ಅದಕ್ಕೆ ಆಗಲೇ ನೂರು ವರ್ಷ ದಾಟಿದೆ ಎಂದು ಅವರು ದಾಖಲೆ ಸಮೇತ ತೋರಿಸಿದರು. (ನಮ್ಮಲ್ಲೂ ಈ ತಪ್ಪು ತಿಳಿವಳಿಕೆ ಇತ್ತು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಅಮೆರಿಕದ ಬೀಜ, ಧಾನ್ಯ ವ್ಯಾಪಾರದ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟ ದಿನಗಳಲ್ಲಿ, ಇಂಥ ಕಂಪನಿಗಳು ಕರ್ನಾಟಕಕ್ಕೆ ಆಗಷ್ಟೇ ಕಾಲಿಡುತ್ತಿವೆ ಎಂಬಂತೆ ಪರ ವಿರೋಧ ಎರಡೂ ಕಡೆಯವರು ಮಾತಾಡುತ್ತಿದ್ದರು.)

ವಿಲ್ಕಿನ್ಸ್ ಅವರ ವಿವರಣೆಯಲ್ಲಿ ಕಂಪನಿ ಬೆಳೆಯುವುದು ಸಣ್ಣ ಸಣ್ಣ ಹೆಜ್ಜೆಗಳಲ್ಲಿ. ಮೊದಲು ಊರಾಚೆಯ ವರ್ತಕನ ಮೂಲಕ ರಫ್ತು, ಆಮೇಲೆ ಸ್ವಂತ ಏಜೆಂಟ್, ಆಮೇಲೆ ಮಾರಾಟ ಶಾಖೆ, ಕೊನೆಗೆ ಜೋಡಣೆ ಅಥವಾ ತಯಾರಿಕೆಯ ಕಾರ್ಖಾನೆ. ಪ್ರತಿ ಹೆಜ್ಜೆಯ ಹಿಂದೆಯೂ ಒಂದು ಕಿರುಕುಳ ಇರುತ್ತದೆ: ನಂಬಲಾಗದ ಏಜೆಂಟ್, ಸಾಗಣೆಯ ವೆಚ್ಚ, ಕೆಟ್ಟ ಯಂತ್ರ ರಿಪೇರಿ ಮಾಡಬಲ್ಲವರಿಲ್ಲದ ಊರು, ಎಲ್ಲಕ್ಕಿಂತ ಹೆಚ್ಚಾಗಿ ಆಮದು ಸುಂಕ. 1903ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಫೋರ್ಡ್, ಮರುವರ್ಷವೇ ನದಿ ದಾಟಿದರೆ ಸಿಗುವ ಕೆನಡಾದ ವಾಕರ್‌ವಿಲ್‌ನಲ್ಲಿ ಇನ್ನೊಂದು ಕಂಪನಿಗೆ ಜನ್ಮ ಕೊಟ್ಟಿತು. ಕೆನಡಾ ಹೊರಗಿನ ಕಾರುಗಳ ಮೇಲೆ ಶೇಕಡಾ 35ರಷ್ಟು ಸುಂಕ ಹಾಕುತ್ತಿದ್ದದ್ದು ಒಂದು ಕಾರಣವಾದರೆ, ಕೆನಡಾದಲ್ಲಿ ತಯಾರಾದ ವಸ್ತುಗಳಿಗೆ ಬ್ರಿಟಿಷ್ ಸಾಮ್ರಾಜ್ಯದ ದೇಶಗಳಲ್ಲಿ ಸಿಗುತ್ತಿದ್ದ ಸುಂಕದ ರಿಯಾಯಿತಿ ಇನ್ನೊಂದು. ಹೀಗಾಗಿ ಬ್ರಿಟನ್ ಮತ್ತು ಐರ್ಲೆಂಡ್ ಬಿಟ್ಟು ಸಾಮ್ರಾಜ್ಯದ ಉಳಿದ ಮಾರುಕಟ್ಟೆಯೆಲ್ಲ ಕೆನಡಾದ ಫೋರ್ಡಿನ ಪಾಲಿಗೆ ಬಂತು. 1926ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ಫೋರ್ಡ್ ಇಂಡಿಯಾ ಅದರ ಮಗುವೇ ಹೊರತು ನೇರವಾಗಿ ಡೆಟ್ರಾಯಿಟ್‌ನದಲ್ಲ. ಮಗಳೇ ಸಂಸಾರಸ್ಥಳಾಗಿ ತನ್ನದೇ ಲೆಕ್ಕಾಚಾರ ನಡೆಸುವ ಈ ಘಟ್ಟವನ್ನು ವಿಲ್ಕಿನ್ಸ್ ಬಹುಕೇಂದ್ರಿತ ಎಂದು ಕರೆದರು. ಒಂದೇ ತಲೆ ಎಲ್ಲವನ್ನೂ ಆಡಿಸುತ್ತದೆ ಎಂಬ ಜನಪ್ರಿಯ ಚಿತ್ರಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.

ಇಷ್ಟು ಮಾತ್ರವಾಗಿದ್ದರೆ ಅವರ ಕೆಲಸ ಅಮೆರಿಕದ ಕಂಪನಿಗಳ ಸಾಧನೆಯ ಪಟ್ಟಿಯಾಗಿ ನಿಲ್ಲುತ್ತಿತ್ತು. ನನ್ನ ಎಣಿಕೆಯಲ್ಲಿ ಅವರ ಹೆಚ್ಚು ಮಹತ್ವದ ಶೋಧ 1988ರ ಒಂದು ಲೇಖನದಲ್ಲಿದೆ. ಅರ್ಥಶಾಸ್ತ್ರಜ್ಞ ಸ್ಟೀಫನ್ ಹೈಮರ್ 1960ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ವಾದಿಸಿದಂತೆ, ಒಂದು ಕಂಪನಿ ತವರಿನಲ್ಲಿ ಗಳಿಸಿದ ಯಾವುದೋ ವಿಶೇಷ ಬಲವನ್ನು, ಅಂದರೆ ತಂತ್ರಜ್ಞಾನವನ್ನೋ ಹೆಸರನ್ನೋ ಕೌಶಲವನ್ನೋ, ಹೊತ್ತುಕೊಂಡು ಹೊರನಾಡಿಗೆ ಹೋಗುತ್ತದೆ. ಸಿಂಗರ್, ಫೋರ್ಡ್ ಇಬ್ಬರಿಗೂ ಇದು ಒಪ್ಪುತ್ತದೆ. ಆದರೆ 1870ರಿಂದ 1914ರವರೆಗಿನ ಬ್ರಿಟನ್ನಿನ ದಾಖಲೆಗಳನ್ನು ನೋಡುತ್ತಿದ್ದ ವಿಲ್ಕಿನ್ಸ್‌ಗೆ ತವರಿನಲ್ಲಿ ಯಾವ ವ್ಯವಹಾರವೂ ಇಲ್ಲದ ಸಾವಿರಾರು ಕಂಪನಿಗಳು ಕಂಡವು. ಅವು ಲಂಡನ್ನಿನಲ್ಲಿ ನೋಂದಣಿಯಾಗಿ, ಅಲ್ಲಿಯೇ ಷೇರು ಮಾರಿ, ಹಣವನ್ನು ಮಲಯದ ರಬ್ಬರ್ ತೋಟಕ್ಕೋ ಅರ್ಜೆಂಟೀನಾದ ರೈಲಿಗೋ ಹಾಕುತ್ತಿದ್ದವು. ಪ್ರಧಾನ ಕಚೇರಿ ಎಂದರೆ ಹೆಚ್ಚಾಗಿ ಒಂದು ನಿರ್ದೇಶಕ ಮಂಡಳಿ, ಒಬ್ಬ ಕಾರ್ಯದರ್ಶಿ, ಬಾಗಿಲಿಗೆ ಹೊಡೆದ ಒಂದು ಹಿತ್ತಾಳೆ ಫಲಕ. ಇವುಗಳನ್ನು ಅವರು ‘ಫ್ರೀ-ಸ್ಟ್ಯಾಂಡಿಂಗ್ ಕಂಪನಿ’ ಎಂದರು. ನಾವು ಬಿಡಿ ಕಂಪನಿ ಎನ್ನಬಹುದು.

ಕನ್ನಡ ಓದುಗರಿಗೆ ಇದರ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಗೆ ಇಂಗ್ಲೆಂಡಿನಲ್ಲಿ ಒಂದು ಗುದ್ದಲಿಯಷ್ಟೂ ಕೆಲಸವಿರಲಿಲ್ಲ. ಅದರ ಗಣಿ ಕೋಲಾರದಲ್ಲಿ, ಕಾರ್ಮಿಕರಲ್ಲಿ ಬಹುಮಂದಿ ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದವರು, ರಾಜಧನ ಸಲ್ಲುತ್ತಿದ್ದದ್ದು ಮೈಸೂರು ಸರ್ಕಾರಕ್ಕೆ. ಷೇರುದಾರರ ಸಭೆ ಮಾತ್ರ ಲಂಡನ್ನಿನಲ್ಲಿ. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳೂ ಇಂಥ ಪ್ರತ್ಯೇಕ ಕಂಪನಿಗಳೇ. ಕೆಲವೇ ವರ್ಷಗಳಲ್ಲಿ ಮೈಸೂರು ಕಂಪನಿಯ ಬಂಡವಾಳ ಬಹುಮಟ್ಟಿಗೆ ಕರಗಿ, ಗಣಿಯನ್ನು ಕೈಬಿಡುವ ಮಾತು ಬಂದಿತ್ತು. ಚಾಂಪಿಯನ್ ಅದಿರು ಪದರ ಸಿಕ್ಕಮೇಲೆ ಅದರ ಅದೃಷ್ಟ ಬದಲಾಯಿತು.

ಪ್ರಧಾನ ಕಚೇರಿ ಇಷ್ಟು ತೆಳುವಾಗಿದ್ದರೆ ಸಾವಿರಾರು ಮೈಲಿ ದೂರದ ಆಳದ ಗಣಿಯನ್ನು ನಡೆಸುತ್ತಿದ್ದವರು ಯಾರು? ವಿಲ್ಕಿನ್ಸ್ ಕೊಡುವ ಉತ್ತರ ಸ್ವಾರಸ್ಯಕರವಾಗಿದೆ. ಬಿಡಿ ಕಂಪನಿಗಳು ನಿಜದಲ್ಲಿ ಬಿಡಿಬಿಡಿಯಾಗಿರಲಿಲ್ಲ. ಅದೇ ವಕೀಲರು, ಅದೇ ಲೆಕ್ಕಪರಿಶೋಧಕರು, ಅದೇ ಎಂಜಿನಿಯರರು ಹತ್ತಾರು ಕಂಪನಿಗಳ ಕಾಗದದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕೋಲಾರದ ಮಟ್ಟಿಗೆ ಆ ಕೊಂಡಿ ಜಾನ್ ಟೇಲರ್ ಅಂಡ್ ಸನ್ಸ್. ಕಾರ್ನ್‌ವಾಲಿನ ತಾಮ್ರ, ಮೆಕ್ಸಿಕೋದ ಬೆಳ್ಳಿ, ಸ್ಪೇನಿನ ಸೀಸದ ಗಣಿಗಳನ್ನು ನಡೆಸಿ ಪಳಗಿದ್ದ ಈ ಮನೆತನದ ಸಂಸ್ಥೆ ಕೋಲಾರದ ಗಣಿಗಳ ಆಡಳಿತವನ್ನು ವಹಿಸಿಕೊಂಡು, 1956ರಲ್ಲಿ ಮೈಸೂರು ಸರ್ಕಾರ ಅವುಗಳನ್ನು ರಾಷ್ಟ್ರೀಕರಣ ಮಾಡುವವರೆಗೂ ಬಿಡಲಿಲ್ಲ. ಷೇರುದಾರರು ಹಣ ಕೊಟ್ಟರು. ಟೇಲರ್ ಸಂಸ್ಥೆ ಮ್ಯಾನೇಜರರನ್ನೂ ಯಂತ್ರಗಳನ್ನೂ ಕಾರ್ಯವಿಧಾನವನ್ನೂ ಒದಗಿಸಿತು. ಒಂದು ಬಹುರಾಷ್ಟ್ರೀಯ ಕಂಪನಿಯೊಳಗೆ ಒಂದೇ ಸೂರಿನಡಿ ಇರಬೇಕಾದ ಅಂಗಗಳು ಇಲ್ಲಿ ಬೇರೆ ಬೇರೆ ಮನೆಗಳಲ್ಲಿ ಇದ್ದುಕೊಂಡು ಕರಾರಿನ ಮೂಲಕ ಒಂದಾಗಿದ್ದವು. ಲಂಡನ್ನಿನ ಮಂಡಳಿಗೆ ತಾನೇ ಆಳುವ ಶಕ್ತಿ ಇಲ್ಲದ ಕಡೆ ಇಂಥ ಕಂಪನಿಗಳು ಬೇಗ ನೆಲಕಚ್ಚಿದವು ಎಂಬುದನ್ನೂ ವಿಲ್ಕಿನ್ಸ್ ಗುರುತಿಸುತ್ತಾರೆ.

ಇದು ಬರಿಯ ಹೆಸರಿಡುವ ಕೆಲಸವಲ್ಲ, ಲೆಕ್ಕವನ್ನೇ ತಿದ್ದುವ ಕೆಲಸ. ಬಡ್ಡಿಗಾಗಿಯೋ ಲಾಭಾಂಶಕ್ಕಾಗಿಯೋ ಹಣ ಹಾಕಿ ಸುಮ್ಮನಿರುವುದು ಒಂದು ಬಗೆಯ ಹೂಡಿಕೆ. ಹಣದ ಜೊತೆಗೆ ಹತೋಟಿಯನ್ನೂ ಇಟ್ಟುಕೊಳ್ಳುವ ನೇರ ಹೂಡಿಕೆ ಇನ್ನೊಂದು ಬಗೆ. 1914ಕ್ಕೆ ಮುಂಚಿನ ಬ್ರಿಟನ್ನಿನ ಹೊರನಾಡ ಬಂಡವಾಳ ಬಹುಪಾಲು ಮೊದಲನೆಯ ಬಗೆಯದೆಂದು ಹಿಂದೆ ನಂಬಲಾಗಿತ್ತು. ಬಿಡಿ ಕಂಪನಿಗಳನ್ನು ಎರಡನೆಯ ಕಡೆಗೆ ಸೇರಿಸಿದೊಡನೆ ಆ ನಂಬಿಕೆ ಸಡಿಲಾಯಿತು. ಹಾಗೆಯೇ, ಹಣ ಹೊರಗೆ ಕಳಿಸುವ ದೇಶವೆಂದೇ ಹೆಸರಾದ ಅಮೆರಿಕವು 1914ರಲ್ಲಿ ಜಗತ್ತಿನ ಅತಿದೊಡ್ಡ ಸಾಲಗಾರ ದೇಶವಾಗಿತ್ತೆಂಬುದನ್ನು ಅವರು ಇನ್ನೆರಡು ದೊಡ್ಡ ಸಂಪುಟಗಳಲ್ಲಿ ವಿವರಿಸಿದರು. ಜರ್ಮನಿಯ ಬೇಯರ್ ಕಂಪನಿ ನ್ಯೂಯಾರ್ಕ್ ರಾಜ್ಯದ ರೆನ್ಸೆಲೇರ್‌ನಲ್ಲಿ ಕಾರ್ಖಾನೆ ನಡೆಸುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಅದನ್ನು ಶತ್ರು ಆಸ್ತಿಯೆಂದು ವಶಪಡಿಸಿಕೊಂಡು 1918ರಲ್ಲಿ ಹರಾಜು ಹಾಕಿತು.

ತವರಿನ ಬಲ ಹೊತ್ತು ಹೋದ ಕಂಪನಿ, ಬಿಡಿ ಕಂಪನಿ ಎಂಬ ಈ ಎರಡು ತಳಿಗಳೂ ಮೈಸೂರು ಸೀಮೆಯಲ್ಲಿಯೇ ಒಮ್ಮೆ ಸಂಧಿಸಿದ್ದವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿದಾಗ, ಕಾವೇರಿಯ ನೀರು ತಿರುಗಿಸಿದ್ದು ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯ ಟರ್ಬೈನುಗಳನ್ನು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ತವರಿನ ಕಾರ್ಖಾನೆಯಲ್ಲಿ ಕಲಿತದ್ದನ್ನು ಹೊತ್ತು ಲೋಕ ಸುತ್ತುತ್ತಿದ್ದ ಕಂಪನಿಗಳು ತಂತಿಯ ಒಂದು ತುದಿಯಲ್ಲಿದ್ದವು. ಸುಮಾರು 147 ಕಿಲೋಮೀಟರ್ ಆಚೆ, ಇನ್ನೊಂದು ತುದಿಯಲ್ಲಿ ಆ ವಿದ್ಯುತ್ತನ್ನು ಕೊಳ್ಳುತ್ತಿದ್ದದ್ದು ತವರಿನಲ್ಲಿ ಒಂದು ಕೋಣೆಯ ಕಚೇರಿಯಷ್ಟೇ ಇದ್ದ ಲಂಡನ್ನಿನ ಬಿಡಿ ಕಂಪನಿಗಳು. ನಡುವಿನ ತಂತಿ ಮಾತ್ರ ಮೈಸೂರು ಸರ್ಕಾರದ್ದಾಗಿತ್ತು.