ಸುಟ್ಟ ತೋಟಕ್ಕೆ ಕೊಡಲಿ ತರಬೇಡಿ

ಪ್ರಶ್ನೆ: ಚಿತ್ರದುರ್ಗದ ಜೋಗಿಮಟ್ಟಿ ಕಡೆ ನಮ್ಮ ಗೆಳೆಯರ ಕೆಲವು ಕುಟುಂಬಗಳು ಒಂದೇ ತೋಟದಲ್ಲಿ ಕೂಡಿ ಬಾಳುತ್ತಿವೆ. ಕಾಡ್ಗಿಚ್ಚಿಗೆ ಗುಡಿಸಲು, ಗಿಡ ಎಲ್ಲಾ ಹೋಯಿತು. ಭಾನುವಾರ ನಾವೆಲ್ಲ ಹೋಗಿ ಸುಟ್ಟ ಮರ ಕಡಿದು, ಸಸಿ ನೆಟ್ಟು ಬರೋಣ ಅಂತಿದ್ದೇವೆ. ಯಾವ ಸಸಿ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಪ್ರತಿ ಬೇಸಿಗೆ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ.

ಕಪ್ಪಗಾದ ಮರ ಸತ್ತಿದೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ಕುರುಚಲು ಕಾಡಿನ ಬೆಂಕಿ ಒಣಹುಲ್ಲು ಹಿಡಿದು ಓಡುತ್ತೆ. ಮಣ್ಣಿನ ಮೇಲ್ಪದರ ಕಾಯುತ್ತೆ, ಆಳದ ಬೇರಿಗೆ ಅಷ್ಟು ಬಿಸಿ ತಾಗೋದಿಲ್ಲ. ದಿಂಡಿಗ, ಮುತ್ತುಗ, ಕಗ್ಗಲಿ, ಬೇವು ಬುಡದಿಂದ ಮತ್ತೆ ಚಿಗುರುವ ಜಾತಿಗಳು. ‘ಬಂದರೆ’ ಅನ್ನುವ ಗಿಡದ ಬೀಜಕ್ಕಂತೂ ಬಿಸಿ ತಾಗಿದರೆ ಗಟ್ಟಿ ಸಿಪ್ಪೆ ಬಿರಿದು ಮೊಳಕೆ ಸಲೀಸು.

ಅನುಮಾನ ಇದ್ದರೆ ಚಾಕು ತಗೊಳ್ಳಿ. ತೊಗಟೆಯನ್ನು ಉಗುರಿನಷ್ಟು ಅಗಲ ಕೆರೆಯಿರಿ. ಒಳಗೆ ಹಸಿರು, ತೇವ ಕಂಡರೆ ಮರ ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಸುತ್ತ ಇನ್ನೂ ಮೂರ್ನಾಲ್ಕು ಕಡೆ ನೋಡಿ. ಒಂದೇ ಮಗ್ಗುಲು ಬೆಂದಿರೋದೇ ಜಾಸ್ತಿ. ಮಾವಿನ ಕಾಂಡಕ್ಕೆ ಬಿಸಿಲು ಬಡಿಯದಂತೆ ಸುಣ್ಣ ಬಳಿದು, ಮುಂಗಾರಿನವರೆಗೆ ಸುಮ್ನೆ ಬಿಡಿ. ತೆಂಗು, ಅಡಿಕೆ ಮಾತ್ರ ಬೇರೆ. ಇರೋದೇ ಒಂದು ಸುಳಿ, ಅದು ಸುಟ್ಟರೆ ಮುಗೀತು.

ಕಡಿದರೆ ಏನಾಗುತ್ತೆ? ಇದ್ದ ನೆರಳೂ ಹೋಗುತ್ತೆ. ಮೊದಲ ಜೋರು ಮಳೆಗೆ ಬೂದಿಯ ಜೊತೆ ಮೇಲ್ಮಣ್ಣೂ ಹಳ್ಳ ಸೇರುತ್ತೆ. ಬೂದಿ ಗೊಬ್ಬರ ಅಲ್ವಾ ಅನ್ನುವವರಿಗೂ ಇದೇ ಉತ್ತರ: ನೆಲದಲ್ಲಿ ನಿಂತರೆ ತಾನೇ ಗೊಬ್ಬರ! ಬಿದ್ದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡ ಹಾಕಿ, ಮಣ್ಣು ಅಲ್ಲೇ ನಿಲ್ಲುತ್ತೆ. ಇನ್ನೊಂದು, ಸ್ವಂತ ಜಮೀನಿನಲ್ಲೂ ಹಲವು ಜಾತಿಯ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಇನ್ನು ಬೇಸಿಗೆಯಲ್ಲಿ ಚಿತ್ರದುರ್ಗದಲ್ಲಿ ಸಸಿ ನೆಡ್ತೀರಂತೆ. ಡ್ರಿಪ್ ಪೈಪು ಕರಗಿದೆ, ಮೋಟಾರಿನ ವೈರು ಸುಟ್ಟಿದೆ. ನೀರು ಯಾರು ಹೊರಬೇಕು?

ಹೋಗಲೇಬೇಕಾ? ಹಳೇ ಬಟ್ಟೆಯ ಗಂಟು ಬಿಟ್ಟು ಕುಡಿಯುವ ನೀರು, ದನಕ್ಕೆ ಮೇವು, ಒಬ್ಬ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ. ಏನನ್ನೂ ಗುಡಿಸುವ ಮೊದಲು ಫೋಟೋ ತೆಗೆಯಿರಿ, ಪಂಚನಾಮೆ ಆಗಲಿ. ನೀವು ಪ್ರೀತಿಯಿಂದ ಜಾಗ ಸ್ವಚ್ಛ ಮಾಡಿಬಿಟ್ಟರೆ ಅಧಿಕಾರಿಗಳು ಬಂದು ನೋಡೋದಕ್ಕೆ ಏನು ಉಳಿಯುತ್ತೆ?

ನೀವು ಕೇಳದ ಪ್ರಶ್ನೆ ಒಂದಿದೆ: ಪಹಣಿ ಯಾರ ಹೆಸರಲ್ಲಿದೆ? ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ. ಆದರೆ ಕೂಡಿ ಬಾಳುವ ಕಡೆ ಜಮೀನು ಒಬ್ಬರ ಹೆಸರಲ್ಲೋ ಟ್ರಸ್ಟಿನ ಹೆಸರಲ್ಲೋ ಇರುತ್ತೆ, ಸುಟ್ಟಿದ್ದು ಇನ್ನೊಬ್ಬರ ಗುಡಿಸಲು. ಒಲೆ ಒಂದೇ, ಅರ್ಜಿ ಮಾತ್ರ ಬೇರೆ ಬೇರೆ. ಯಾರು ಎಲ್ಲಿ ವಾಸವಿದ್ದರು, ಏನೇನು ಹೋಯಿತು ಅಂತ ಮನೆವಾರು ಬರೆದು, ಎಲ್ಲರೂ ಸಹಿ ಹಾಕಿ ಗ್ರಾಮ ಆಡಳಿತ ಅಧಿಕಾರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಲಿ. ಬಂದ ಹಣ ಹಂಚುವ ಲೆಕ್ಕವನ್ನೂ ಆ ಸಭೆಯಲ್ಲೇ ಬರೆದಿಡಲಿ. ಹಣ ಬಂದ ಮೇಲೆ ಕೂತರೆ ಜಗಳ ಗ್ಯಾರಂಟಿ.