ಪಡು ದಿಕ್ಕಿನ ಕಿಟಕಿ

ನಮ್ಮ ಮನೆ ಸುರತ್ಕಲ್ ಕಡೆ, ಕಡಲಿನಿಂದ ಮುಕ್ಕಾಲು ಕಿಲೋಮೀಟರ್ ದೂರ. ಮಾರ್ಚ್ ಕೊನೆಯಲ್ಲಿ ಸಂಜೆ 4.40ರ ಹೊತ್ತಿಗೆ ಪಡು ದಿಕ್ಕಿನ ಕೋಣೆಗೆ ಹೋಗಿ ಕಿಟಕಿಯ ಕೆಳಗಿನ ಕರಿ ಗ್ರಾನೈಟ್ ಮೇಲೆ ಅಂಗೈ ಇಟ್ಟರೆ ಚುರ್ ಅನ್ನುತ್ತದೆ. ಪರದೆ ಎಳೆದರೆ ಗಾಳಿ ನಿಲ್ಲುತ್ತದೆ. ಪರದೆ ಸರಿಸಿದರೆ ಬಿಸಿಲು ಮಂಚದವರೆಗೆ ಬರುತ್ತದೆ. ಜೂನ್ ಬಂದರೆ ಅದೇ ಕಿಟಕಿಯಿಂದ ಮಳೆ. ವರ್ಷವಿಡೀ ಉಪ್ಪು.

ಕರಾವಳಿಯಲ್ಲಿ ಮನೆ ಕಟ್ಟುವವರ ಸಂಕಟವೆಲ್ಲ ಈ ಒಂದು ಕಿಟಕಿಯಲ್ಲಿದೆ. ಬಿಸಿಲು, ಗಾಳಿ, ಮಳೆ, ಉಪ್ಪು ನಾಲ್ಕೂ ಬರುವುದು ಒಂದೇ ದಿಕ್ಕಿನಿಂದ. ನಮಗೆ ಬೇಕಾಗಿರುವುದು ಗಾಳಿ ಮಾತ್ರ. ಅಂಗಡಿಗೆ ಹೋದರೆ ಮೊದಲು ಕೇಳುವುದು "ಯಾವ ಗ್ಲಾಸ್ ಹಾಕ್ಬೇಕು?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಬಿಸಿಲಿನ ಲೆಕ್ಕ ನೋಡೋಣ. 4 ಅಡಿಗೆ 4 ಅಡಿಯ ಕಿಟಕಿ ಅಂದರೆ ಸುಮಾರು ಒಂದೂವರೆ ಚದರ ಮೀಟರ್. ಮೋಡ ಇಲ್ಲದ ಸಂಜೆ ಪಡು ಗೋಡೆಯ ಮೇಲೆ ಚದರ ಮೀಟರಿಗೆ ಹತ್ತಿರಹತ್ತಿರ 600 ವಾಟ್ ಬಿಸಿಲು ಬೀಳುತ್ತದೆ. ಮಾಮೂಲಿ ಬಿಳಿ ಗಾಜು ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಒಳಗೆ ಬಿಡುತ್ತದೆ. ಅಂದರೆ ಕೋಣೆಯೊಳಗೆ 700 ವಾಟ್‌ಗಿಂತ ಜಾಸ್ತಿ ಶಾಖ. ಇಸ್ತ್ರಿ ಪೆಟ್ಟಿಗೆಯೊಂದನ್ನು ಬಿಸಿ ಮಾಡಿ ನೆಲದ ಮೇಲೆ ಇಟ್ಟ ಹಾಗೆ, ಅದೂ ಸಂಜೆ ಪೂರ್ತಿ. ಒಂದು ಟನ್‌ನ ಎಸಿ ಹೊರಹಾಕುವ ಶಾಖ ಸುಮಾರು 3,500 ವಾಟ್. ಅದರ ಐದನೇ ಒಂದು ಭಾಗ ಈ ಒಂದೇ ಕಿಟಕಿಗೆ ಹೋಯಿತು.

ಈಗ ಇನ್ನೊಂದು ಲೆಕ್ಕ. ಹೊರಗೆ 33 ಡಿಗ್ರಿ, ಎಸಿ ಹಾಕಿದ ಕೋಣೆಯಲ್ಲಿ 25 ಅಂದುಕೊಳ್ಳಿ. 8 ಡಿಗ್ರಿ ವ್ಯತ್ಯಾಸ. ಗಾಜಿನ ಮೂಲಕ ಬರೀ ಈ ವ್ಯತ್ಯಾಸದಿಂದ ಹರಿದು ಬರುವ ಶಾಖ ಎಷ್ಟು? ಒಂಟಿ ಗಾಜಿನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 5.7 ವಾಟ್ ದಾಟುತ್ತದೆ. ಗುಣಿಸಿದರೆ 70 ವಾಟ್‌ಗೆ ಹತ್ತಿರ. ಬಿಸಿಲಿನ 700ರ ಮುಂದೆ ಈ 70 ಹತ್ತನೇ ಒಂದು ಭಾಗ.

ಕಿಟಕಿ ಕೊಳ್ಳುವಾಗ ನೆನಪಿಡಬೇಕಾದ ವಿಷಯ ಇದೇ. ಚಳಿ ದೇಶಗಳಲ್ಲಿ ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ. ಅಲ್ಲಿ ಗಾಜಿನ ಮೂಲಕ ಶಾಖ ಸೋರಿ ಹೋಗುವುದೇ ದೊಡ್ಡ ಚಿಂತೆ. ಅದಕ್ಕೇ ಎರಡು ಗಾಜು, ಮೂರು ಗಾಜು. ನಮ್ಮಲ್ಲಿ ಶಾಖ ಬರುವುದು ಬೆಳಕಾಗಿ. ಎಸಿ ಇಲ್ಲದ ಮನೆಯಲ್ಲಿ ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ ಇರುವುದರಿಂದ ಆ ಎರಡನೇ ಲೆಕ್ಕ ಬಹುಪಾಲು ಸೊನ್ನೆಯೇ. "ಡಬಲ್ ಗ್ಲಾಸ್ ಹಾಕಿ ಸರ್, ತಂಪಾಗಿರ್ತದೆ" ಅಂತ ಮಾರುವವರು ಹೇಳುತ್ತಾರೆ. ಎರಡೂ ಬಿಳಿ ಗಾಜೇ ಆದರೆ ಬಿಸಿಲಿನ ಹೆಚ್ಚಿನ ಪಾಲು ಎರಡನ್ನೂ ದಾಟಿ ಬಂದೇ ಬರುತ್ತದೆ.

ಹಾಗಾದರೆ ಬಿಸಿಲನ್ನು ಎಲ್ಲಿ ತಡೆಯಬೇಕು? ಗಾಜಿಗೆ ತಾಗುವ ಮೊದಲು, ಹೊರಗೆ.

ಗಾಜಿನ ಒಂದು ಗುಣದಿಂದ ಹೀಗಾಗುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕೂ ಇದೆ, ಕಾಣದ ಅವಗೆಂಪು ಕಿರಣವೂ ಇದೆ. ಇವೆರಡನ್ನೂ ಗಾಜು ಸಲೀಸಾಗಿ ಬಿಡುತ್ತದೆ. ಒಳಗೆ ಬಂದ ಬಿಸಿಲು ನೆಲ, ಮಂಚ, ಪರದೆಗಳನ್ನು ಬಿಸಿ ಮಾಡುತ್ತದೆ. ಬಿಸಿಯಾದ ವಸ್ತುಗಳೂ ಕಿರಣ ಸೂಸುತ್ತವೆ. ಆದರೆ ಅವುಗಳ ಅಲೆಯುದ್ದ ಹೆಚ್ಚು, ಆ ಉದ್ದದ ಕಿರಣಕ್ಕೆ ಗಾಜು ಗೋಡೆಯ ಹಾಗೆ. ಬಂದದ್ದು ಹಿಂದೆ ಹೋಗುವುದಿಲ್ಲ. ಹಾಗಾಗಿ ಒಳಗಿನ ಪರದೆ ಕಣ್ಣಿಗೆ ತಂಪು ಕೊಟ್ಟರೂ ಶಾಖದ ದೊಡ್ಡ ಪಾಲು ಆಗಲೇ ಕೋಣೆ ಸೇರಿರುತ್ತದೆ. ಅದೇ ಬಟ್ಟೆಯನ್ನು ಗಾಜಿನ ಹೊರಗೆ ಕಟ್ಟಿದರೆ ಬಿಸಿಯಾಗುವುದು ಹೊರಗಿನ ಗಾಳಿ.

ಹೊರಗೆ ತಡೆಯಲು ಎಲ್ಲರ ಮನೆಯಲ್ಲೂ ಸನ್‌ಶೇಡ್ ಇದೆ, ಅಲ್ವಾ? ಅದು 2 ಅಡಿಯದ್ದು, ನಾಲ್ಕೂ ದಿಕ್ಕಿಗೆ ಒಂದೇ ಅಳತೆ. ಆದರೆ ಸೂರ್ಯ ನಾಲ್ಕೂ ದಿಕ್ಕಿನಲ್ಲಿ ಒಂದೇ ತರ ಇರುವುದಿಲ್ಲ. ಮಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣದ ಕಿಟಕಿಗೆ ಬಿಸಿಲು ಜಾಸ್ತಿ ಬೀಳುವುದು ಡಿಸೆಂಬರಿನಲ್ಲಿ. ಆಗಲೂ ನಡುಹಗಲಿನ ಸೂರ್ಯ 53 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ. 2 ಅಡಿ ಸನ್‌ಶೇಡ್ ಇದ್ದರೆ ಎರಡೂವರೆ ಅಡಿಗಿಂತ ಹೆಚ್ಚು ನೆರಳು ಕೆಳಗಿಳಿಯುತ್ತದೆ. ಸಾಕಷ್ಟಾಯಿತು. ಪಡುಗಡೆ ಹಾಗಲ್ಲ. ಮಾರ್ಚ್ ಕೊನೆಯ 4.40ಕ್ಕೆ ಸೂರ್ಯ ಬಾನಂಚಿನಿಂದ 30 ಡಿಗ್ರಿಯೂ ಮೇಲಿರುವುದಿಲ್ಲ. ಅದೇ 2 ಅಡಿಯ ಸನ್‌ಶೇಡ್‌ನಿಂದ ಬೀಳುವ ನೆರಳು ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. 5.40ಕ್ಕೆ ಬರೀ 6 ಇಂಚು. 4 ಅಡಿ ಎತ್ತರದ ಕಿಟಕಿಗೆ 6 ಇಂಚು ನೆರಳು! ನಾನು ಒಂದು ಭಾನುವಾರ ಸುಣ್ಣದ ಕಡ್ಡಿಯಿಂದ ಗಾಜಿನ ಮೇಲೆ ಗಂಟೆಗಂಟೆಗೂ ಗೆರೆ ಎಳೆದು ನೋಡಿದ್ದೆ. ಲೆಕ್ಕ ಹೇಳಿದ ಕಡೆಯೇ ನೆರಳು ನಿಂತಿತ್ತು.

ಉತ್ತರದ ಗೋಡೆಗೆ ಬಿಸಿಲೇ ಇಲ್ಲ ಅನ್ನುವುದೂ ನಮ್ಮಲ್ಲಿ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅದರಲ್ಲಿ ಹೆಚ್ಚಿನ ದಿನ ಮಳೆಗಾಲದ ಮೋಡ ಇರುವುದರಿಂದ ಗೊತ್ತಾಗುವುದಿಲ್ಲ, ಮೇ ತಿಂಗಳಲ್ಲಿ ಗೊತ್ತಾಗುತ್ತದೆ. ಆದರೂ ದೊಡ್ಡ ಕಿಟಕಿ ಬೇಕು ಅಂದರೆ ಉತ್ತರವೇ ವಾಸಿ. ಅದು ಬಿಟ್ಟರೆ ದಕ್ಷಿಣ.

ಪಡುಗಡೆಗೆ ಬೇಕಾಗಿರುವುದು ಮೇಲಿನ ಚಪ್ಪಡಿ ಅಲ್ಲ, ಎದುರಿಗೆ ನಿಲ್ಲುವ ನೆರಳು. ನಮ್ಮ ಅಜ್ಜಿಯ ಮನೆಯಲ್ಲಿ ಅದು ಜಗಲಿಯಾಗಿತ್ತು. ಹಂಚಿನ ಮಾಡು ಇಳಿಯುತ್ತ ಇಳಿಯುತ್ತ ಆಳೆತ್ತರಕ್ಕೆ ಬಂದು ನಿಲ್ಲುತ್ತಿತ್ತು. ಜಗಲಿ ದಾಟಿ ಒಳಗಿನ ಗೋಡೆ, ಅದರಲ್ಲಿ ಮರದ ಸರಳಿನ ಕಿಟಕಿ. ಬಿಸಿಲು ಜಗಲಿಯ ತುದಿಗೇ ನಿಲ್ಲುತ್ತಿತ್ತು. ಮಳೆಗಾಲಕ್ಕೆ ಮೊದಲು ತೆಂಗಿನ ಮಡಲು ಹೆಣೆದು ತಟ್ಟಿ ಕಟ್ಟುತ್ತಿದ್ದರು. ಗಾಜು ಅಂತ ಇದ್ದದ್ದು ಮಾಡಿನ ಮೇಲೆ ಮಾತ್ರ, ಎರಡು ಗಾಜಿನ ಹಂಚು. ಆ ಮನೆಯಲ್ಲಿ ಕತ್ತಲೆ ಜಾಸ್ತಿ, ಒಪ್ಪುತ್ತೇನೆ. ಮಕ್ಕಳಿಗೆ ಓದಲು ಬೆಳಕು ಬೇಕು. ಹಾಗಂತ ನೆರಳಿನ ಲೆಕ್ಕವನ್ನೇ ಬಿಟ್ಟು ಪಡುಗಡೆಗೆ ಗಾಜಿನ ಗೋಡೆ ಎಬ್ಬಿಸುವುದು ನನಗೆ ಸಂಕಟವಾಗುತ್ತದೆ. ಕಿಟಕಿಯ ಎದುರು ಒಂದಡಿ ಬಿಟ್ಟು ಅಡಿಕೆ ಸಲಾಕೆಯ ಜಾಲರಿ, ಹೊರಗೆ ಇಳಿಬಿಡುವ ಬಿದಿರಿನ ಪರದೆ, ಬಾಲ್ಕನಿಗೆ ಹಬ್ಬಿಸಿದ ಬಳ್ಳಿ, ಎರಡು ಮಾರು ದೂರದಲ್ಲೊಂದು ಮರ, ಯಾವುದಾದರೂ ಸರಿ. ಇವೆಲ್ಲ ಬಿಸಿಲು ತಡೆದು ಗಾಳಿ ಬಿಡುತ್ತವೆ.

ಇಷ್ಟೂ ಆಗದ ಕಡೆ, ಅಂದರೆ ಹತ್ತನೇ ಮಹಡಿಯ ಫ್ಲ್ಯಾಟ್‌ನಲ್ಲಿ, ಗಾಜೇ ಕೆಲಸ ಮಾಡಬೇಕು. ಆಗ ಒಂದು ಸಂಖ್ಯೆ ಕೇಳಿ: ಎಸ್‌ಎಚ್‌ಜಿಸಿ. ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಶಾಖವಾಗಿ ಒಳಗೆ ಬರುತ್ತದೆ ಅನ್ನುವ ಲೆಕ್ಕ ಅದು. ಬಿಳಿ ಗಾಜಿಗೆ 0.8ರ ಆಸುಪಾಸು. ಒಳ್ಳೆಯ ಸೋಲಾರ್ ಕಂಟ್ರೋಲ್ ಗಾಜಿಗೆ 0.3ರವರೆಗೂ ಇಳಿಯುತ್ತದೆ. ಜೊತೆಗೆ ವಿಎಲ್‌ಟಿ ಕೂಡ ಕೇಳಿ. ಅದು ಬೆಳಕಿನ ಪಾಲು. ಶಾಖದ ಸಂಖ್ಯೆ ಕಡಿಮೆ ಇದ್ದು ಬೆಳಕಿನ ಸಂಖ್ಯೆ ಅದಕ್ಕಿಂತ ಜಾಸ್ತಿ ಇದ್ದರೆ ಗಾಜು ಒಳ್ಳೆಯದು. ಎರಡೂ ಒಟ್ಟಿಗೆ ಇಳಿದರೆ ಹಗಲಲ್ಲೇ ಲೈಟ್ ಹಾಕಿಕೊಂಡು ಕೂರಬೇಕಾಗುತ್ತದೆ.

ಬಣ್ಣದ ಗಾಜಿನ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕಂದು, ಹಸಿರು ಗಾಜು ಬಿಸಿಲನ್ನು ತಾನೇ ಹೀರಿ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ಒಂದು ಪಾಲನ್ನು ಒಳಕ್ಕೇ ಸೂಸುತ್ತದೆ. ಅದರ ಪಕ್ಕ ಕೂತರೆ ಕೆನ್ನೆಗೆ ಗೊತ್ತಾಗುತ್ತದೆ. ಲೋ-ಇ ಗಾಜು ಬೇರೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಲೇಪ ಇರುತ್ತದೆ. ಹಲವು ಬಗೆಗಳಲ್ಲಿ ಅದು ಬೆಳ್ಳಿಯದ್ದೇ. ಬೆಳಕನ್ನು ಬಿಟ್ಟು ಅವಗೆಂಪನ್ನು ಹಿಂದಕ್ಕೆ ಹೊಡೆಯುವುದು ಅದರ ಗುಣ. ಆದರೆ ಮೃದು ಲೇಪದ ಬೆಳ್ಳಿಗೆ ತೇವ, ಉಪ್ಪು ತಾಗಿದರೆ ಕೆಡುತ್ತದೆ. ಹಾಗಾಗಿ ಅದನ್ನು ಎರಡು ಗಾಜಿನ ನಡುವೆ ಮುಚ್ಚಿಯೇ ಹಾಕಬೇಕು. ನಮ್ಮಲ್ಲಿ ಡಬಲ್ ಗ್ಲಾಸಿಗೆ ನಿಜವಾದ ಕಾರಣ ಇದು. ಒಂಟಿ ಗಾಜೇ ಬೇಕೆಂದರೆ ತಯಾರಿಸುವಾಗ ಗಾಜು ಇನ್ನೂ ಬಿಸಿಯಾಗಿರುವಾಗಲೇ ಹಿಡಿಸಿದ ಗಟ್ಟಿ ಲೇಪದ್ದನ್ನು ಕೇಳಬೇಕು.

ಎಸಿ ಹಾಕಿ ಮಲಗುವವರು ಮಳೆಗಾಲದ ಬೆಳಿಗ್ಗೆ ಒಂದು ವಿಚಿತ್ರ ಗಮನಿಸಿರಬಹುದು. ಗಾಜಿನ ಮೇಲೆ ಮಂಜು ಕಟ್ಟಿರುತ್ತದೆ. ಒಳಗಿನಿಂದ ಒರೆಸಿದರೆ ಹೋಗುವುದಿಲ್ಲ. ಮಂಜು ಇರುವುದು ಹೊರಗಡೆ! ಹೊರಗಿನ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ 25 ಡಿಗ್ರಿಗೆ ತಂಪಾದರೂ ಸಾಕು, ಇಬ್ಬನಿ ಕಟ್ಟುತ್ತದೆ. ಎಸಿಯಿಂದ ತಣ್ಣಗಾದ ಒಂಟಿ ಗಾಜು ಅದಕ್ಕಿಂತ ಕೆಳಗಿಳಿದಿರುತ್ತದೆ. ಎರಡು ಗಾಜಿದ್ದರೆ ಹೊರಗಿನದು ಅಷ್ಟು ತಣ್ಣಗಾಗುವುದಿಲ್ಲ. ಆದರೆ ಮಂಜು ಎರಡು ಗಾಜಿನ ನಡುವೆಯೇ ಕಂಡರೆ ಅಂಚಿನ ಸೀಲ್ ಹೋಗಿದೆ ಅಂತ ಅರ್ಥ. ಅದನ್ನು ಒರೆಸುವ ದಾರಿ ಇಲ್ಲ, ಆ ಗಾಜಿನ ಜೋಡಿಯನ್ನೇ ಬದಲಿಸಬೇಕು.

ಇನ್ನು ಗಾಳಿ. ಕರಾವಳಿಯ ಸೆಕೆಯಲ್ಲಿ ಕಷ್ಟ ಕೊಡುವುದು ಬರೀ ಉಷ್ಣತೆ ಅಲ್ಲ, ಆರದ ಬೆವರು. ಗಾಳಿ ಆಡಿದರೆ ಮಾತ್ರ ಅದು ಆರುತ್ತದೆ. ಹಗಲಲ್ಲಿ ನೆಲ ಕಾದಾಗ ಕಡಲ ಕಡೆಯಿಂದ ಗಾಳಿ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಪಡುಗಡೆ ತೆರೆದು ಮೂಡುಗಡೆ ಮುಚ್ಚಿದರೆ ಗಾಳಿ ಒಳಗೇ ಬರುವುದಿಲ್ಲ. ಬರುವ ದಾರಿಯಷ್ಟೇ ಹೋಗುವ ದಾರಿಯೂ ಬೇಕು.

ಕೇಂದ್ರ ಸರಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ ಮನೆಗಳಿಗಾಗಿ ಇಕೋ ನಿವಾಸ್ ಸಂಹಿತಾ ಅನ್ನುವ ನಿಯಮಾವಳಿ ತಂದಿತು. ಅದರಲ್ಲಿ ನಮ್ಮ ಕರಾವಳಿಯಂಥ ಬಿಸಿ-ತೇವದ ಊರುಗಳಿಗೆ ತೆರೆಯಬಲ್ಲ ಜಾಗ ಕಾರ್ಪೆಟ್ ಏರಿಯಾದ, ಅಂದರೆ ಗೋಡೆಗಳ ಒಳಗಿನ ನೆಲದ, ಶೇಕಡಾ 16.66 ಇರಬೇಕು ಅಂತಿದೆ. ಅಂದರೆ ಆರನೇ ಒಂದು ಭಾಗ. ಬೆಂಗಳೂರಿನಂಥ ಹದ ಹವೆಗೆ 12.5 ಸಾಕು. 900 ಚದರ ಅಡಿಯ ಮನೆಗೆ 150 ಚದರ ಅಡಿ ತೆರೆಯಬೇಕು, ಬಾಲ್ಕನಿ ಬಾಗಿಲೂ ಸೇರಿ. ಗಮನಿಸಿ, ಇದು ಕಿಟಕಿಯ ಅಳತೆ ಅಲ್ಲ, ತೆರೆಯುವ ಜಾಗದ ಅಳತೆ. ಒಂದರ ಪಕ್ಕ ಒಂದು ಸರಿಯುವ ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಎಷ್ಟೇ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. ಬಿಜಾಗರಿ ಹಾಕಿ ಬಾಗಿಲಿನ ಹಾಗೆ ತೆರೆಯುವ ಕಿಟಕಿ ಶೇಕಡಾ 90ರಷ್ಟು ತೆರೆಯುತ್ತದೆ. ನೋಡಲು ಚಂದ, ಜಾಗ ಉಳಿತಾಯ ಅಂತ ಎಲ್ಲರೂ ಸ್ಲೈಡಿಂಗ್ ಹಾಕಿಸುತ್ತಾರೆ. ಅರ್ಧ ಗಾಳಿ ಅಲ್ಲೇ ಹೋಯಿತು. ಸೊಳ್ಳೆ ಜಾಲರಿಯಿಂದ ಇನ್ನೂ ಸ್ವಲ್ಪ ಹೋಗುತ್ತದೆ. ಮಲೇರಿಯಾ, ಡೆಂಗಿ ಇರುವ ಊರಿನಲ್ಲಿ ಜಾಲರಿ ಬೇಡ ಅನ್ನಲಾಗದು. ಅದಕ್ಕೇ ತೆರೆಯುವ ಜಾಗವಾದರೂ ದೊಡ್ಡದಿರಲಿ.

ನಾವೂ ಸ್ಲೈಡಿಂಗೇ ಹಾಕಿಸಿದ್ದೆವು. ಮೊದಲ ಜೂನಿನಲ್ಲೇ ಒಂದು ರಾತ್ರಿ ಗುಳುಗುಳು ಸದ್ದು ಕೇಳಿ ಎದ್ದೆ. ಟಾರ್ಚ್ ಹಿಡಿದು ನೋಡಿದರೆ ಕಿಟಕಿಯ ಕೆಳಗಿನ ಹಳಿಯಲ್ಲಿ ನೀರು ತುಂಬಿ, ಕುದಿಯುವ ಹಾಗೆ ಗುಳ್ಳೆ ಏಳುತ್ತಿತ್ತು. ಗಾಳಿ ಜೋರಾದಾಗಲೆಲ್ಲ ನೀರು ಒಳಗಿನ ಅಂಚು ದಾಟಿ ಗೋಡೆಯ ಮೇಲೆ ಇಳಿಯುತ್ತಿತ್ತು. ಬೆಳಿಗ್ಗೆವರೆಗೆ ಟವೆಲ್ ಹಿಂಡಿದ್ದೇ ಕೆಲಸ.

ಆ ಗುಳ್ಳೆಯ ಕಾರಣ ಆಮೇಲೆ ತಿಳಿಯಿತು. ಹಳಿಗೆ ಬಿದ್ದ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಹೊರಗೆ ಗಾಳಿ ಗೋಡೆಗೆ ಬಡಿದಾಗ ಅಲ್ಲಿ ಒತ್ತಡ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಸುಮಾರು 170 ಪ್ಯಾಸ್ಕಲ್ ಒತ್ತಡ ಹಾಕುತ್ತದೆ. ಆ ಒತ್ತಡ ನೀರನ್ನು 17 ಮಿಲಿಮೀಟರ್ ಎತ್ತಬಲ್ಲದು. ವೇಗ 80 ಆದರೆ 30 ಮಿಲಿಮೀಟರ್, ಏಕೆಂದರೆ ಒತ್ತಡ ಏರುವುದು ವೇಗದ ವರ್ಗಕ್ಕೆ ತಕ್ಕ ಹಾಗೆ. ಹಳಿಯ ಒಳಗಿನ ಅಂಚು ಅದಕ್ಕಿಂತ ಗಿಡ್ಡ ಇದ್ದರೆ ನೀರು ಹೊರಗೆ ಹೋಗುವ ಬದಲು ಒಳಗೇ ಹತ್ತುತ್ತದೆ, ತೂತಿನಿಂದ ನುಗ್ಗಿದ ಗಾಳಿ ಗುಳ್ಳೆ ಎಬ್ಬಿಸುತ್ತದೆ. ನಮ್ಮ ಹಳಿಯ ಅಂಚು ಅಳೆದೆ. 15 ಮಿಲಿಮೀಟರ್ ಇತ್ತು.

ಆ ಕಿಟಕಿ ತೆಗೆಸಿದೆವು. ಹೊಸದರಲ್ಲಿ ಮೇಲಿನ ಭಾಗಕ್ಕೆ ಬಿಜಾಗರಿ ಇದೆ, ಕೆಳಗಿನಿಂದ ಹೊರಕ್ಕೆ ತಳ್ಳಿ ನಿಲ್ಲಿಸಬಹುದು. ಮುಚ್ಚಿದಾಗ ರಬ್ಬರಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಹದ ಮಳೆಯಲ್ಲಿ ಒಂದು ಗೇಣು ತೆರೆದಿಟ್ಟರೂ ಗಾಜೇ ಮಾಡಿನ ಹಾಗೆ ನೀರನ್ನು ಹೊರಗೆ ಇಳಿಸುತ್ತದೆ. ಚೌಕಟ್ಟು ಮಾಡಿಕೊಟ್ಟ ಆಚಾರ್ರು ಹೆಬ್ಬಲಸು ಆರಿಸಿದರು. "ಕಬ್ಬಿಣದ ಸ್ಕ್ರೂ ಎಂತಕ್ಕೆ ಮಾರಾಯ್ರೆ, ಮೂರು ಮಳೆಗಾಲ ತಡೆಯುದಿಲ್ಲ" ಅಂದರು. ಅವರ ಮಾತಿಗೆ ರಸಾಯನಶಾಸ್ತ್ರದ ಬೆಂಬಲ ಇದೆ. ಕಡಲ ಹತ್ತಿರ 304 ಅನ್ನುವ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಹಿಡಿಯುತ್ತದೆ. ಸ್ವಲ್ಪ ಮಾಲಿಬ್ಡಿನಮ್ ಬೆರೆತ 316 ಹೆಚ್ಚು ತಾಳುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಬೇರೆ ಲೋಹದ ಸ್ಕ್ರೂ ನೇರವಾಗಿ ತಾಗಿ ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ನಡುವೆ ನೈಲಾನ್ ವಾಷರ್ ಇಡಿಸಿ. ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿಗೆ ಈ ತೊಂದರೆ ಇಲ್ಲ, ಆದರೆ ಅದರ ಹೊಟ್ಟೆಯೊಳಗೆ ಕಬ್ಬಿಣದ ಬಲ ಇದೆಯೇ, ಅದಕ್ಕೆ ಸತುವಿನ ಲೇಪ ಇದೆಯೇ ಅಂತ ಕತ್ತರಿಸಿದ ತುಂಡು ತರಿಸಿ ಕಣ್ಣಾರೆ ನೋಡಿ.

ಉಪ್ಪಿನ ಬಗ್ಗೆ ಇನ್ನೊಂದು ವಿಷಯ. ಮಳೆಗೆ ನೇರವಾಗಿ ನೆನೆಯುವ ಜಾಗಕ್ಕಿಂತ ಮಳೆ ತಾಗದ ಜಾಗ ಬೇಗ ತುಕ್ಕು ಹಿಡಿಯುತ್ತದೆ. ಮಳೆ ಉಪ್ಪನ್ನು ತೊಳೆದು ಹೋಗುತ್ತದೆ. ಸನ್‌ಶೇಡ್ ಅಡಿಯಲ್ಲಿ, ಬಿಜಾಗರಿಯ ಹಿಂದೆ, ಜಾಲರಿಯ ಮೂಲೆಯಲ್ಲಿ ಕೂತ ಉಪ್ಪು ಅಲ್ಲೇ ಇದ್ದು ರಾತ್ರಿಯ ತೇವ ಹೀರುತ್ತದೆ. ನವೆಂಬರಿನಿಂದ ಮೇವರೆಗೆ ಎರಡು ವಾರಕ್ಕೊಮ್ಮೆ ಆ ಮೂಲೆಗಳಿಗೆ ಬಾವಿಯ ಸಿಹಿನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತೇನೆ. ಸ್ಲೈಡಿಂಗ್ ಕಿಟಕಿಯಾದರೆ ಹಳಿಯ ನೀರಿನ ತೂತಿಗೆ ತೆಂಗಿನ ಗರಿಯ ಕಡ್ಡಿ ತೂರಿಸುತ್ತೇನೆ. ಒಂದು ಕಿಟಕಿಗೆ ಒಂದು ಚೆಂಬು ನೀರು ಸಾಕಾಗುತ್ತದೆ.