ಒಂದು ಸಾಲು ತಿದ್ದಿದರೆ ಇಡೀ ಪ್ರಾಜೆಕ್ಟ್ ಯಾಕೆ ಬಿಲ್ಡ್ ಆಗಬೇಕು?

ಮೆಕ್ಕೆಜೋಳದ ಮಂಡಿಗೆ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದುಕೊಳ್ಳಿ. ದಾವಣಗೆರೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ, ಅಲ್ವಾ? ತೂಕಕ್ಕೆ ಒಂದು ಕ್ಲಾಸ್ (ಒಂದು ವಿಷಯದ ಕೋಡೆಲ್ಲ ಇರುವ ಘಟಕ), ದರಕ್ಕೆ ಒಂದು, ರೈತರಿಗೆ ದುಡ್ಡು ಕೊಡುವುದಕ್ಕೆ ಇನ್ನೊಂದು. ಹೀಗೆ ಬೆಳೆದು ಜಾವಾದಲ್ಲಿ ನೂರಾರು ಫೈಲುಗಳಾಗಿವೆ. ಈಗ ಒಂದು ಹೊಸ ಬೇಡಿಕೆ ಬರುತ್ತದೆ: ದುಡ್ಡು ಕೈ ಬದಲಾಗುವ ಪ್ರತಿ ಜಾಗದಲ್ಲೂ ಯಾರು, ಯಾವಾಗ, ಎಷ್ಟು ಎಂಬುದು ದಾಖಲಾಗಬೇಕು. ಪ್ರತಿ ಫೈಲಿಗೂ ಹೋಗಿ ಅದೇ ನಾಲ್ಕು ಸಾಲು ಸೇರಿಸುತ್ತಾ ಕೂರಬಹುದು. ಒಂದು ಕಡೆ ಮರೆತರೂ ಲೆಕ್ಕ ತಪ್ಪುತ್ತದೆ.

ಈ ತೊಂದರೆಗೆ ಉತ್ತರವಾಗಿ ಬಂದದ್ದು ಆಸ್ಪೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಗ್ರೆಗರ್ ಕಿಕ್ಜಾಲೆಸ್ ಮತ್ತು ಸಂಗಡಿಗರು ಇದನ್ನು ರೂಪಿಸಿ, 1997ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಅಲ್ಲೇ ಹುಟ್ಟಿದ ಆಸ್ಪೆಕ್ಟ್‌ಜೆ ಎಂಬ ಭಾಷೆ 2002ರಲ್ಲಿ ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶ ಸಮುದಾಯದ ಕೈಗೆ ಬಂತು. ಇದರಲ್ಲಿ ದಾಖಲೆಯ ಕೆಲಸವನ್ನು ಒಂದೇ ಜಾಗದಲ್ಲಿ ಬರೆದರೆ ಸಾಕು. ಆ ತುಣುಕಿಗೆ ಅಡ್ವೈಸ್ ಎನ್ನುತ್ತಾರೆ. ಅದು ಎಲ್ಲೆಲ್ಲಿ ಓಡಬೇಕು ಎಂದು ಹೇಳುವ ಷರತ್ತು ಪಾಯಿಂಟ್‌ಕಟ್. 'ಪಾವತಿ ಎಂಬ ಹೆಸರಿನಿಂದ ಶುರುವಾಗುವ ಎಲ್ಲ ಮೆಥಡ್‌ಗಳು' ಎಂದು ಬರೆದರೆ (ಮೆಥಡ್ ಅಂದರೆ ಕ್ಲಾಸಿನೊಳಗೆ ಒಂದು ಕೆಲಸ ಮಾಡುವ ತುಣುಕು), ನಾವು ಬರೆದದ್ದನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಕಂಪೈಲರ್ ಅಂಥವನ್ನು ತಾನೇ ಹುಡುಕಿ ಅಡ್ವೈಸನ್ನು ಜೋಡಿಸುತ್ತದೆ. ಈ ಜೋಡಣೆಯೇ ವೀವಿಂಗ್. ಅಡ್ವೈಸ್, ಪಾಯಿಂಟ್‌ಕಟ್ ಎರಡನ್ನೂ ಒಟ್ಟಿಗೆ ಇಡುವ ಘಟಕವೇ ಆಸ್ಪೆಕ್ಟ್.

ತುಂಬಾ ಅಂದವಾದ ಉಪಾಯ ಇದು. ಆದರೆ ಬಿಲ್ಡ್, ಅಂದರೆ ಬರೆದ ಫೈಲುಗಳಿಂದ ಓಡುವ ಪ್ರೋಗ್ರಾಮ್ ತಯಾರಿಸುವ ಕೆಲಸ, ನಿಧಾನವಾಗುವುದೂ ಇಲ್ಲಿಂದಲೇ.

ಮಾಮೂಲಿ ಪ್ರೋಗ್ರಾಮುಗಳಲ್ಲಿ ಬದಲಾದಷ್ಟನ್ನು ಮಾತ್ರ ಮತ್ತೆ ಕಂಪೈಲ್ ಮಾಡುವ ಪದ್ಧತಿ ಹಳೆಯದು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಮೇಕ್ ಎಂಬ ಉಪಕರಣ ಫೈಲುಗಳ ಸಮಯ ನೋಡುತ್ತಿತ್ತು. ಮೂಲ ಫೈಲು ಹೊಸದು, ಅದರಿಂದ ತಯಾರಾದದ್ದು ಹಳೆಯದು ಎಂದಾದರೆ ಅದನ್ನು ಮತ್ತೆ ತಯಾರಿಸು, ಇಲ್ಲದಿದ್ದರೆ ಬಿಡು. ಇಂದಿನ ಉಪಕರಣಗಳು ಇನ್ನೂ ಜಾಣತನ ತೋರಿಸುತ್ತವೆ. ಮೆಥಡ್‌ನ ಒಳಗಿನ ಸಾಲುಗಳಷ್ಟೇ ಬದಲಾಗಿ, ಹೊರಗೆ ಕಾಣುವ ಹೆಸರು, ಟೈಪುಗಳು ಹಾಗೇ ಇದ್ದರೆ, ಅದನ್ನು ಬಳಸುವ ಬೇರೆ ಫೈಲುಗಳನ್ನು ಮುಟ್ಟುವುದಿಲ್ಲ. ಇದು ಸಾಧ್ಯವಾಗುವುದಕ್ಕೆ ಒಂದೇ ಕಾರಣ: ದರದ ಕ್ಲಾಸನ್ನು ಪಾವತಿಯ ಕ್ಲಾಸ್ ಬಳಸುತ್ತಿದ್ದರೆ ಅದರ ಹೆಸರು ಪಾವತಿಯ ಫೈಲಿನಲ್ಲೇ ಇರುತ್ತದೆ. ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂಬುದು ಓದಿದರೆ ಗೊತ್ತಾಗುತ್ತದೆ.

ಆಸ್ಪೆಕ್ಟ್ ಬಂದಾಗ ಈ ನಂಟು ತಿರುವುಮುರುವಾಗುತ್ತದೆ. ಪಾವತಿಯ ಫೈಲಿನಲ್ಲಿ ಆಸ್ಪೆಕ್ಟಿನ ಸುಳಿವೇ ಇರುವುದಿಲ್ಲ. ಪಾಯಿಂಟ್‌ಕಟ್‌ನಲ್ಲಿ ಒಂದು ಅಕ್ಷರ ತಿದ್ದಿದರೂ, ನಿನ್ನೆಯವರೆಗೆ ಸಂಬಂಧವೇ ಇಲ್ಲದ ಫೈಲು ಇವತ್ತು ಅದರ ವ್ಯಾಪ್ತಿಗೆ ಬರಬಹುದು, ಇದ್ದದ್ದು ಹೊರಗೆ ಹೋಗಬಹುದು. ಹಾಗಾಗಿ ಕಂಪೈಲರ್ ಹೆಚ್ಚಾಗಿ ಸುರಕ್ಷಿತ ದಾರಿ ಹಿಡಿದು ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡುತ್ತದೆ. ಹಳೆಯ ಕಂಪ್ಯೂಟರ್ ಇರುವ ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿಗೆ ಇದು ನಿಜವಾದ ಕಷ್ಟ. ಕಾಯುವುದು ಜಾಸ್ತಿಯಾದಷ್ಟೂ ಪ್ರಯೋಗ ಮಾಡುವ ಆಸೆ ಕಡಿಮೆಯಾಗುತ್ತದೆ. ಆದರೂ ಕಂಪೈಲರನ್ನು ದೂರಬಾರದು. ಒಂದು ಫೈಲನ್ನು ತಪ್ಪಾಗಿ ಬಿಟ್ಟರೆ ಎರರ್ ಏನೂ ಬರುವುದಿಲ್ಲ. ಪ್ರೋಗ್ರಾಮ್ ಓಡುತ್ತದೆ, ದುಡ್ಡೂ ಹೋಗುತ್ತದೆ, ದಾಖಲೆ ಮಾತ್ರ ಇರುವುದಿಲ್ಲ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? 'ಈ ಫೈಲಿಗೂ ಈ ಆಸ್ಪೆಕ್ಟಿಗೂ ಸಂಬಂಧವಿಲ್ಲ' ಎಂದು ಕಂಪೈಲರಿಗೆ ಬೇಗ ಖಾತ್ರಿಯಾಗಬೇಕು. ನನ್ನ ಪ್ರಕಾರ ಇಡೀ ವಿಷಯದ ಮೂಲ ಇದೇ.

ಆಸ್ಪೆಕ್ಟ್‌ಜೆಯಲ್ಲಿ ಇದಕ್ಕೆ ಫಾಸ್ಟ್ ಮ್ಯಾಚ್ ಎಂಬ ಹಂತವಿದೆ. ಕ್ಲಾಸಿನ ಒಳಗಿನ ಒಂದೊಂದೇ ಸೂಚನೆಯನ್ನು ಪರೀಕ್ಷಿಸುವ ಮೊದಲು, ಇಲ್ಲಿ ಈ ಪಾಯಿಂಟ್‌ಕಟ್ ಹೊಂದುವ ಸಾಧ್ಯತೆಯಾದರೂ ಇದೆಯಾ ಎಂದು ಕೇಳಿಕೊಳ್ಳುತ್ತದೆ. ಮಂಡಿಯ ಗೇಟಿನಲ್ಲಿ ಲಾರಿಯ ಚೀಟಿ ನೋಡಿ ಕಳಿಸುತ್ತಾರಲ್ಲ, ಪ್ರತಿ ಮೂಟೆ ಬಿಚ್ಚುವುದಿಲ್ಲ, ಹಾಗೆ. ಆದರೆ ಚೀಟಿ ಬರೆಯಬೇಕಾದವರು ನಾವು. ವಿದಿನ್ ಎಂಬ ಷರತ್ತು ಸೇರಿಸಿ 'ಪಾವತಿಯ ಪ್ಯಾಕೇಜಿನೊಳಗೆ ಮಾತ್ರ' ಎಂದು ಗಡಿ ಹಾಕಿದರೆ, ಬೇರೆ ಪ್ಯಾಕೇಜಿನ (ಪ್ಯಾಕೇಜ್ ಅಂದರೆ ಕ್ಲಾಸುಗಳ ಗುಂಪು) ಕ್ಲಾಸುಗಳನ್ನು ಹೆಸರು ನೋಡಿಯೇ ಬಿಟ್ಟುಬಿಡಬಹುದು. ಗಡಿ ಇಲ್ಲದೆ ಎಲ್ಲ ಕಡೆ 'ಯಾವುದಾದರೂ ಸರಿ' ಎನ್ನುವ ನಕ್ಷತ್ರ ಚಿಹ್ನೆ ಹಾಕಿ ಬರೆದರೆ ಪ್ರತಿ ಕ್ಲಾಸನ್ನೂ ಬಿಚ್ಚಿ ನೋಡಲೇಬೇಕು. ಸುಮ್ನೆ ಬರೆದುಬಿಡುವ ಆ ನಕ್ಷತ್ರಕ್ಕೆ ಬೆಲೆ ತೆರುವುದು ಬಿಲ್ಡ್ ಸಮಯ.

ಪಾಯಿಂಟ್‌ಕಟ್ ಬರೆಯುವಾಗ ಕಾಲ್ (ಮೆಥಡ್ ಕರೆಯುವ ಜಾಗ) ಮತ್ತು ಎಕ್ಸಿಕ್ಯೂಶನ್ (ಅದು ಓಡುವ ಜಾಗ) ನಡುವಿನ ಆಯ್ಕೆಯೂ ಇಷ್ಟೇ ಮುಖ್ಯ, ಆದರೆ ಇದನ್ನು ಗಮನಿಸುವವರು ಕಡಿಮೆ. ಪಾವತಿಯ ಮೆಥಡ್ ಇರುವುದು ಒಂದು ಕ್ಲಾಸಿನಲ್ಲಿ, ಅದನ್ನು ಕರೆಯುವವರು ಹತ್ತಾರು ಕಡೆ ಎಂದುಕೊಳ್ಳಿ. ಕಾಲ್ ಎಂದು ಬರೆದರೆ ಕರೆಯುವ ಎಲ್ಲ ಕ್ಲಾಸುಗಳಲ್ಲೂ ವೀವಿಂಗ್ ನಡೆಯುತ್ತದೆ. ಎಕ್ಸಿಕ್ಯೂಶನ್ ಎಂದರೆ ಆ ಮೆಥಡ್ ಇರುವ ಜಾಗದಲ್ಲಿ ಮಾತ್ರ. ಕೆಲಸ ಒಂದೇ ಆದರೂ ಮುಟ್ಟುವ ಫೈಲುಗಳ ಸಂಖ್ಯೆ ಎಷ್ಟೋ ಕಡಿಮೆ. ನಮ್ಮ ಕೈಗೆ ಸಿಗದ ಲೈಬ್ರರಿಯ ಮೆಥಡ್ ಆಗಿದ್ದರೆ ಕಾಲ್ ಬೇಕಾಗುತ್ತದೆ.

ಅಡ್ವೈಸ್‌ನ ಒಳಗನ್ನು ಮಾತ್ರ ತಿದ್ದಿದಾಗ ಏನಾಗುತ್ತದೆ? ಅಡ್ವೈಸ್ ಕೊನೆಗೆ ಆಸ್ಪೆಕ್ಟಿನ ಒಂದು ಮೆಥಡ್ ಆಗಿ ಕಂಪೈಲ್ ಆಗುತ್ತದೆ. ಮೆಥಡ್‌ಗೆ ಮೊದಲು ಅಥವಾ ನಂತರ ಓಡುವ ಬಿಫೋರ್, ಆಫ್ಟರ್ ಅಡ್ವೈಸ್‌ಗಳಲ್ಲಿ ಬೇರೆ ಕ್ಲಾಸುಗಳಿಗೆ ಸೇರುವುದು ಅದನ್ನು ಕರೆಯುವ ಸೂಚನೆ ಅಷ್ಟೇ. ಕರೆ ಹಾಗೇ ಇರುವುದರಿಂದ ಆಸ್ಪೆಕ್ಟ್ ಒಂದನ್ನೇ ಮತ್ತೆ ಕಂಪೈಲ್ ಮಾಡಿದರೆ ತಾತ್ವಿಕವಾಗಿ ಸಾಕು. ಮೆಥಡ್‌ನ ಸುತ್ತಲೂ ಓಡುವ ಅರೌಂಡ್ ಅಡ್ವೈಸ್ ಹಾಗಲ್ಲ. ಅದರ ಸಾಲುಗಳನ್ನೇ ಕಂಪೈಲರ್ ಆಯಾ ಜಾಗಕ್ಕೆ ನಕಲು ಮಾಡಬಹುದು, ಇದನ್ನು ಇನ್‌ಲೈನ್ ಎನ್ನುತ್ತಾರೆ. ನಕಲಾದ ಮೇಲೆ ಮೂಲ ತಿದ್ದಿದರೆ ಎಲ್ಲ ನಕಲುಗಳೂ ಹಳೆಯವಾಗುತ್ತವೆ. ಎಕ್ಸ್‌ನೋಇನ್‌ಲೈನ್ ಎಂಬ ಆಯ್ಕೆಯಿಂದ ಇದನ್ನು ನಿಲ್ಲಿಸಬಹುದು. ಅಭಿವೃದ್ಧಿಯ ಹಂತದಲ್ಲಿ ಇದನ್ನು ಪ್ರಯತ್ನಿಸಿ ನೋಡುವುದು ಒಳ್ಳೆಯದು. ಪ್ಲೇನ್ ಜಾವಾದಲ್ಲೂ ಇಂಥದ್ದೊಂದಿದೆ: ಸ್ಟ್ಯಾಟಿಕ್ ಫೈನಲ್ ಸ್ಥಿರಾಂಕದ ಬೆಲೆಯನ್ನು ಬಳಸುವ ಕ್ಲಾಸಿನೊಳಗೇ ಬರೆದುಬಿಡುವುದರಿಂದ, ಅದು ಬದಲಾದರೆ ಬಳಸಿದವರೆಲ್ಲ ಮತ್ತೆ ಕಂಪೈಲ್ ಆಗಬೇಕು.

ವೀವಿಂಗನ್ನು ಬಿಲ್ಡ್ ಹಂತದಿಂದಲೇ ತೆಗೆಯುವ ದಾರಿಯೂ ಇದೆ. ಮಾಮೂಲಿ ಕಂಪೈಲರಿನಲ್ಲಿ ಬೇಗ ಬಿಲ್ಡ್ ಮಾಡಿ, ಪ್ರೋಗ್ರಾಮ್ ಓಡುವಾಗ ಕ್ಲಾಸ್ ಲೋಡ್ ಆಗುತ್ತಿದ್ದಂತೆ ಜೋಡಿಸುವುದು. ಆಗ ಶುರುವಾಗುವುದು ನಿಧಾನವಾಗುತ್ತದೆ, ಅಂದರೆ ಕಾಯುವ ಸಮಯ ಜಾಗ ಬದಲಿಸುತ್ತದೆ. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಬಳಸುವವರಿಗೆ ಪ್ರಾಕ್ಸಿಯ ವಿಧಾನ ಸಿಗುತ್ತದೆ, ಅಂದರೆ ಮೂಲ ವಸ್ತುವಿನ ಮುಂದೆ ನಿಂತು ಕರೆಗಳನ್ನು ಮೊದಲು ತಾನೇ ಸ್ವೀಕರಿಸುವ ಪ್ರತಿನಿಧಿ. ಅದರಲ್ಲಿ ವೀವಿಂಗೇ ಬೇಡ, ಆದರೆ ಸ್ಪ್ರಿಂಗ್ ನೋಡಿಕೊಳ್ಳುವ ವಸ್ತುಗಳ ಮೆಥಡ್‌ಗಳಿಗಷ್ಟೇ ಅದು ಅನ್ವಯ.

ಆನೊಟೇಶನ್, ಅಂದರೆ ಮೆಥಡ್ ಮೇಲೆ ಅಂಟಿಸುವ ಗುರುತು, ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ಮೂಲ ಕೋಡಿಗೆ ಆಸ್ಪೆಕ್ಟಿನ ಅರಿವೇ ಇರಬಾರದು ಎಂಬುದು ಈ ವಿಧಾನದ ಗುರುತು ಎಂದು 2000ದಲ್ಲಿ ರಾಬರ್ಟ್ ಫಿಲ್ಮನ್ ಮತ್ತು ಡೇನಿಯಲ್ ಫ್ರೀಡ್‌ಮನ್ ವಾದಿಸಿದ್ದರು. ದಾಖಲಾಗಬೇಕಾದ ಮೆಥಡ್ ಮೇಲೆ ಒಂದು ಆನೊಟೇಶನ್ ಅಂಟಿಸಿ, ಪಾಯಿಂಟ್‌ಕಟ್ ಅದನ್ನೇ ಹುಡುಕುವಂತೆ ಬರೆದರೆ ಆ ಶುದ್ಧತೆ ಹೋಗುತ್ತದೆ, ನಿಜ. ಹೋಗಲಿ. ಫೈಲು ಓದಿದವರಿಗೆ ಇಲ್ಲೇನೋ ಜೋಡಣೆಯಾಗುತ್ತದೆ ಎಂದು ತಿಳಿಯುತ್ತದೆ. ಹೊಸ ಮೆಥಡ್ ಸೇರಿಸಿದಾಗ ಪಾಯಿಂಟ್‌ಕಟ್ ತಿದ್ದಬೇಕಿಲ್ಲ, ಆನೊಟೇಶನ್ ಹಾಕಿದ ಆ ಫೈಲಷ್ಟೇ ಬದಲಾಗುತ್ತದೆ.

ನಿಮ್ಮ ಪಾಯಿಂಟ್‌ಕಟ್ ಎಷ್ಟು ದೂರ ಕೈ ಚಾಚಿದೆ ಎಂದು ನೋಡಲು ಶೋವೀವ್‌ಇನ್ಫೋ ಎಂಬ ಆಯ್ಕೆ ಹಾಕಿ ಒಮ್ಮೆ ಪೂರ್ತಿ ಬಿಲ್ಡ್ ಮಾಡಿ. ಅಡ್ವೈಸ್ ಸೇರಿದ ಒಂದೊಂದು ಜಾಗವೂ ಒಂದೊಂದು ಸಾಲಾಗಿ ಬರುತ್ತದೆ. ಪಾವತಿಯ ದಾಖಲೆಗೆಂದು ಬರೆದದ್ದು ತೂಕದ ಕ್ಲಾಸಿನಲ್ಲೂ ಕಂಡರೆ, ಮೊದಲು ಗಡಿ ಹಾಕಬೇಕಾದ್ದು ಅಲ್ಲಿ.